ಸೆಲ್ಲಿನ ಮೈಮೇಲಿನ ಅಂಕಿ

ಕಳೆದ ಮಳೆಗಾಲದ ಒಂದು ಬೆಳಗ್ಗೆ ನಾವು ಪ್ರಯೋಗಶಾಲೆಯ ಬಾಗಿಲು ತೆರೆಯುವ ಹೊತ್ತಿಗೆ ಇಬ್ಬರು ವಿದ್ಯಾರ್ಥಿಗಳು ಕಾದು ನಿಂತಿದ್ದರು. ಒಬ್ಬನ ಕೈಯಲ್ಲಿ ಬೆರಳುದ್ದದ ಬಣ್ಣದ ಕೊಳವೆಯೊಂದಿತ್ತು. ಮಲ್ಲತ್ತಹಳ್ಳಿಯ ಕೆರೆಯ ಏರಿಯ ಮೇಲೆ ನಡೆದು ಬರುವಾಗ ಅದು ಅವನಿಗೆ ಸಿಕ್ಕಿತ್ತು. ಯಾರೋ ಸೇದಿ ಎಸೆದ ಇ-ಸಿಗರೇಟು. ಮತ್ತೊಬ್ಬನು ತಂದಿದ್ದುದು ನೀಲಿ ಹೊದಿಕೆಯ, ಉರುಳೆಯಾಕಾರದ ಒಂದು ಸೆಲ್ಲು. ಅದು ಅವನ ಮನೆಯ ಟಾರ್ಚಿನದು. ಹೊದಿಕೆಯ ಮೇಲೆ ದಪ್ಪ ಅಕ್ಷರಗಳಲ್ಲಿ ‘9900 ಎಂ.ಎ.ಎಚ್., 3.7 ವೋಲ್ಟ್’ ಎಂದು ಅಚ್ಚಾಗಿತ್ತು.

ಮೊದಲನೆಯವನು, “ಸಾರ್, ಇದರೊಳಗಿನ ಬ್ಯಾಟರಿಯನ್ನು ತೆಗೆದು ಬೇರೆ ಕೆಲಸಕ್ಕೆ ಬಳಸಬಹುದೆ?” ಎಂದು ಕೇಳಿದನು. ಎರಡನೆಯವನ ಪ್ರಶ್ನೆ ಬೇರೆ. “ಇಷ್ಟು ದೊಡ್ಡ ಸಂಖ್ಯೆ ಬರೆದಿದ್ದಾರೆ. ಆದರೂ ನಮ್ಮ ಟಾರ್ಚು ಒಂದು ರಾತ್ರಿಯೂ ಉರಿಯುವುದಿಲ್ಲ. ಚಾರ್ಜು ಮಾಡುವಾಗ ಕೈಸುಡುವಷ್ಟು ಬಿಸಿಯಾಗುತ್ತದೆ. ಏಕೆ ಸಾರ್?” ವಿಚಾರಿಸಿದಾಗ, ಕರೆಂಟು ಹೋದ ರಾತ್ರಿಗಳಲ್ಲಿ ಅವನ ತಮ್ಮ ಆ ಟಾರ್ಚಿನ ಬೆಳಕಿನಲ್ಲಿಯೇ ಓದುವನೆಂದೂ, ರಾತ್ರಿಯೆಲ್ಲ ಅದನ್ನು ಹಾಸಿಗೆಯ ತಲೆದೆಸೆಯಲ್ಲಿ ಚಾರ್ಜಿಗೆ ಇಟ್ಟು ಮಲಗುವನೆಂದೂ ತಿಳಿದುಬಂದಿತು.

ಆ ದಿನ ನಡೆಯಬೇಕಾಗಿದ್ದ ಲೋಲಕದ ಪ್ರಯೋಗವನ್ನು ಮುಂದಕ್ಕೆ ಹಾಕಿ, ನಾವು ಈ ಎರಡು ವಸ್ತುಗಳನ್ನೇ ಪಾಠಕ್ಕೆ ತೆಗೆದುಕೊಂಡೆವು. ಅಂದು ನಡೆದ ವಿಚಾರವನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಸೆಲ್ಲಿನ ಒಳಗೆ ಏನಿದೆ?

ಇ-ಸಿಗರೇಟಿನ ರಚನೆ ಬಹಳ ಸರಳ. ಒಂದು ಸಣ್ಣ ಲೋಹದ ತಂತಿಯ ಸುರುಳಿ, ಅದನ್ನು ಸುತ್ತಿದ ಹತ್ತಿ ಅಥವಾ ಅಂಥದೇ ಬತ್ತಿ, ಬತ್ತಿಯಲ್ಲಿ ಹೀರಿಕೊಂಡ ದ್ರವ, ಮತ್ತು ಒಂದು ಸೆಲ್ಲು. ಇಂದಿನ ರೂಪದ ಸಾಧನವನ್ನು ಚೀನದ ಹಾನ್ ಲಿಕ್ ಎಂಬವರು 2003ರಲ್ಲಿ ರೂಪಿಸಿದರು. ಸೆಲ್ಲಿನಿಂದ ಪ್ರವಾಹ ಹರಿದಾಗ ಸುರುಳಿ ಕಾಯುತ್ತದೆ. ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ನಿಕೋಟಿನ್ ಮತ್ತು ಸುವಾಸನೆಯ ದ್ರವ್ಯಗಳ ಮಿಶ್ರಣ ಆವಿಯಾಗುತ್ತದೆ. ಆ ಆವಿಯಿಂದ ದೇಹಕ್ಕೆ ಆಗುವ ಕೇಡನ್ನು ಕುರಿತು ವೈದ್ಯರು ಬರೆಯುತ್ತಿದ್ದಾರೆ. ನಾವು ಭೌತವಿಜ್ಞಾನದವರಾದುದರಿಂದ ಸೆಲ್ಲಿನ ವಿಷಯವನ್ನು ಮಾತ್ರ ನೋಡೋಣ. ಟಾರ್ಚಿನಲ್ಲಿಯೂ, ಪವರ್ ಬ್ಯಾಂಕಿನಲ್ಲಿಯೂ, ಲ್ಯಾಪ್‌ಟಾಪಿನಲ್ಲಿಯೂ ಇರುವುದು ಇದೇ ಜಾತಿಯ ಸೆಲ್ಲೆಂಬುದನ್ನು ಮರೆಯಬಾರದು.

ಇದು ಲಿಥಿಯಂ-ಅಯಾನು ಸೆಲ್ಲು. ಜಪಾನಿನ ಸೋನಿ ಸಂಸ್ಥೆ 1991ರಲ್ಲಿ ಇದನ್ನು ಮೊದಲು ಮಾರುಕಟ್ಟೆಗೆ ತಂದಿತು. ಇದರ ಹಿಂದಿನ ಸಂಶೋಧನೆಗಾಗಿ ಜಾನ್ ಗುಡಿನಫ್, ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರ ಯೋಷಿನೊ ಅವರಿಗೆ 2019ರಲ್ಲಿ ರಸಾಯನವಿಜ್ಞಾನದ ನೊಬೆಲ್ ಬಹುಮಾನ ದೊರಕಿತು. ಸೆಲ್ಲನ್ನು ಬಿಚ್ಚಿದರೆ (ವಾಚಕರು ದಯವಿಟ್ಟು ಬಿಚ್ಚಬಾರದು) ಒಳಗೆ ಚಾಪೆಯಂತೆ ಸುರುಳಿ ಸುತ್ತಿದ ಉದ್ದವಾದ ಹಾಳೆಗಳಿರುತ್ತವೆ. ತಾಮ್ರದ ಹಾಳೆಯ ಮೇಲೆ ಗ್ರಾಫೈಟಿನ ಲೇಪ, ಇದು ಋಣಧ್ರುವ. ಅಲ್ಯೂಮಿನಿಯಂ ಹಾಳೆಯ ಮೇಲೆ ಲಿಥಿಯಂ ಮತ್ತು ಕೋಬಾಲ್ಟು, ನಿಕ್ಕಲು ಮೊದಲಾದ ಲೋಹಗಳ ಆಕ್ಸೈಡಿನ ಲೇಪ, ಇದು ಧನಧ್ರುವ. ಇವೆರಡೂ ಒಂದನ್ನೊಂದು ತಾಕದಂತೆ ನಡುವೆ ಸೂಕ್ಷ್ಮರಂಧ್ರಗಳುಳ್ಳ ಪ್ಲಾಸ್ಟಿಕ್ ಪೊರೆ. ಈ ಪೊರೆಯ ದಪ್ಪ ಸುಮಾರಾಗಿ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗ. ನಾವು ಬರೆಯುವ ಕಾಗದದ ದಪ್ಪದ ಐದರಲ್ಲೊಂದು ಪಾಲು ಮಾತ್ರ.

ಸೀಸದ ಬ್ಯಾಟರಿಯಲ್ಲಿ ನೀರು ಬೆರೆತ ಆಮ್ಲವಿರುವಂತೆ ಇಲ್ಲಿ ನೀರನ್ನು ಬಳಸುವಂತಿಲ್ಲ. ಸುಮಾರು 4 ವೋಲ್ಟಿನ ವಿಭವಾಂತರದಲ್ಲಿ ನೀರು ವಿಭಜನೆ ಹೊಂದುತ್ತದೆ. ಆದುದರಿಂದ ಇದರಲ್ಲಿ ಸಾವಯವ ಕಾರ್ಬೊನೇಟುಗಳ ದ್ರವವನ್ನು ಬಳಸುತ್ತಾರೆ. ಆ ದ್ರವ ಸುಲಭವಾಗಿ ಹೊತ್ತಿಕೊಳ್ಳತಕ್ಕದ್ದು. ಹೀಗಾಗಿ ಉರಿಯುವ ದ್ರವ, ಬಿಸಿಯಾದಾಗ ಆಮ್ಲಜನಕವನ್ನು ಬಿಡುವ ಆಕ್ಸೈಡು, ಇವುಗಳ ನಡುವೆ ತೆಳ್ಳನೆಯ ಒಂದು ಪೊರೆ, ಇಷ್ಟನ್ನೂ ಒಂದು ಉಕ್ಕಿನ ಡಬ್ಬಿಯಲ್ಲಿ ಒತ್ತಿ ತುಂಬಿದಂತಾಯಿತು. ಒಳ್ಳೆಯ ಕಾರ್ಖಾನೆಯಲ್ಲಿ ಎಚ್ಚರದಿಂದ ತಯಾರಾದ ಸೆಲ್ಲು ಹೇಳಿದ ಮಿತಿಯೊಳಗೆ ಕೆಲಸ ಮಾಡಿದರೆ ವರ್ಷಗಟ್ಟಲೆ ನಿರಪಾಯವಾಗಿ ಬಾಳುತ್ತದೆ. ಆದರೆ ಆ ಮಿತಿ ಯಾವುದೆಂದು ನಮಗೆ ತಿಳಿಯುವುದು ಹೊದಿಕೆಯ ಮೇಲಿನ ಬರೆಹದಿಂದ ಮಾತ್ರ. ಬರೆಹ ಸುಳ್ಳಾದರೆ ಬಳಸುವವನು ಕಣ್ಣು ಕಟ್ಟಿಕೊಂಡು ನಡೆದಂತೆ.

ಅಂಕಿಗಳ ಅರ್ಥ

ಟಾರ್ಚಿನ ಸೆಲ್ಲಿನ ಮೇಲೆ ‘18650’ ಎಂಬ ಸಂಖ್ಯೆಯೂ ಇತ್ತು. ಇದು ಸೆಲ್ಲಿನ ಅಳತೆ. ವ್ಯಾಸ 18 ಮಿಲಿಮೀಟರು, ಉದ್ದ 65 ಮಿಲಿಮೀಟರು. ಕೊನೆಯ ಸೊನ್ನೆ ಅದು ಉರುಳೆಯಾಕಾರದ್ದೆಂದು ಸೂಚಿಸುತ್ತದೆ. ‘ಎಂ.ಎ.ಎಚ್.’ ಎಂದರೆ ಮಿಲಿ ಆಂಪಿಯರ್ ಗಂಟೆ. ಸೆಲ್ಲಿನ ಸಾಮರ್ಥ್ಯದ ಅಳತೆ. 2000 ಎಂ.ಎ.ಎಚ್. ಸೆಲ್ಲು ಎರಡು ಆಂಪಿಯರ್ ಪ್ರವಾಹವನ್ನು ಸುಮಾರು ಒಂದು ಗಂಟೆಯ ಕಾಲ, ಇಲ್ಲವೆ ಅರ್ಧ ಆಂಪಿಯರನ್ನು ಸುಮಾರು ನಾಲ್ಕು ಗಂಟೆಗಳ ಕಾಲ ಕೊಡಬಲ್ಲುದು. ಇವಲ್ಲದೆ ಮತ್ತೊಂದು ಅಂಕಿಯುಂಟು. ಸೆಲ್ಲಿನಿಂದ ಎಡೆಬಿಡದೆ ಹೆಚ್ಚೆಂದರೆ ಎಷ್ಟು ಆಂಪಿಯರ್ ತೆಗೆಯಬಹುದೆಂಬುದೇ ಅದು.

ಸಾಮರ್ಥ್ಯಕ್ಕೂ ಪ್ರವಾಹದ ಮಿತಿಗೂ ಇರುವ ಭೇದವನ್ನು ತಿಳಿಯಲು ನಮ್ಮ ಬೆಂಗಳೂರಿನ ಮನೆಗಳ ಮಾಳಿಗೆಯ ಮೇಲಿರುವ ನೀರಿನ ತೊಟ್ಟಿಯನ್ನು ನೋಡಿದರೆ ಸಾಕು. ತೊಟ್ಟಿ ಎಷ್ಟು ಲೀಟರು ಹಿಡಿಯುತ್ತದೆ ಎಂಬುದು ಒಂದು ವಿಷಯ. ಕೊಳಾಯಿಯಿಂದ ನಿಮಿಷಕ್ಕೆ ಎಷ್ಟು ಲೀಟರು ಬರುತ್ತದೆ ಎಂಬುದು ಇನ್ನೊಂದು. ಸೆಲ್ಲುಗಳಲ್ಲಿ ಈ ಎರಡು ಗುಣಗಳಿಗೂ ಸ್ವಲ್ಪ ವಿರೋಧವಿದೆ. ಹೆಚ್ಚು ಪ್ರವಾಹ ಬೇಕೆಂದರೆ ಲೇಪವನ್ನು ತೆಳುವಾಗಿಯೂ ಲೋಹದ ಹಾಳೆಯನ್ನು ಉದ್ದವಾಗಿಯೂ ಮಾಡಬೇಕು. ಆಗ ಡಬ್ಬಿಯಲ್ಲಿ ಲೇಪಕ್ಕೆ ಉಳಿಯುವ ಜಾಗ ಕಡಮೆಯಾಗಿ ಸಾಮರ್ಥ್ಯ ಇಳಿಯುತ್ತದೆ. ಆದಕಾರಣ ಎರಡೂ ಅಂಕಿಗಳು ಅತಿ ದೊಡ್ಡವಾಗಿರುವ ಸೆಲ್ಲನ್ನು ಕಂಡರೆ ಸಂಶಯಪಡುವುದೇ ನ್ಯಾಯ.

ತಕ್ಕಡಿಯ ಸಾಕ್ಷ್ಯ

ಇನ್ನು 9900ರ ವಿಚಾರ. ಪ್ರಸಿದ್ಧ ತಯಾರಕರ 18650 ಸೆಲ್ಲುಗಳಲ್ಲಿ ಬಹುಕಾಲ ಅತ್ಯುತ್ತಮವೆನಿಸಿಕೊಂಡವುಗಳ ಸಾಮರ್ಥ್ಯ ಸುಮಾರು 3500 ಎಂ.ಎ.ಎಚ್. ಅಂಥ ಸೆಲ್ಲಿನ ತೂಕ 45ರಿಂದ 50 ಗ್ರಾಂ. ಅದರಲ್ಲಿರುವ ಶಕ್ತಿ 3.5 ಆಂಪಿಯರ್ ಗಂಟೆಯನ್ನು 3.6 ವೋಲ್ಟಿನಿಂದ ಗುಣಿಸಿದಷ್ಟು, ಎಂದರೆ 12.6 ವಾಟ್ ಗಂಟೆ. ನಮ್ಮ ವಿದ್ಯಾರ್ಥಿಯ ಸೆಲ್ಲು ಹೇಳಿಕೊಳ್ಳುತ್ತಿದ್ದುದು 9.9ನ್ನು 3.7ರಿಂದ ಗುಣಿಸಿದರೆ ಬರುವ 36.6 ವಾಟ್ ಗಂಟೆಯನ್ನು. ಅದೇ ಗಾತ್ರದ ಡಬ್ಬಿಯಲ್ಲಿ ಮೂರು ಪಾಲು ಶಕ್ತಿ! ಇಷ್ಟಾದರೆ ಆ ಟಾರ್ಚಿನ ಸೆಲ್ಲನ್ನು ಕಂಡು ಜಗತ್ತಿನ ಬ್ಯಾಟರಿ ಪ್ರಯೋಗಶಾಲೆಗಳೆಲ್ಲ ನಾಚಬೇಕಾಗುತ್ತಿತ್ತು.

ಸೆಲ್ಲನ್ನು ತಕ್ಕಡಿಯಲ್ಲಿಟ್ಟೆವು. ತೂಕ 33 ಗ್ರಾಂ. ಲಿಥಿಯಂ ಸೆಲ್ಲಿನ ಶಕ್ತಿಯೆಲ್ಲ ಅದರ ಲೇಪಗಳಲ್ಲಿರುವುದರಿಂದ, ತೂಕ ಕಡಮೆಯಾದರೆ ಸಾಮರ್ಥ್ಯವೂ ಕಡಮೆಯಾಗಲೇಬೇಕು. ಹಾಗೆಂದು ತೂಕ ಸರಿಯಾಗಿದ್ದ ಮಾತ್ರಕ್ಕೆ ಸೆಲ್ಲು ಒಳ್ಳೆಯದೆಂದು ಹೇಳಲಾಗದು. ಡಬ್ಬಿಯೊಳಗೆ ಚಿಕ್ಕ ಸೆಲ್ಲನ್ನಿಟ್ಟು ಸುತ್ತಲೂ ಪುಡಿ ತುಂಬಿ ಮಾರುವವರೂ ಇದ್ದಾರೆ. ಹಗುರವಾದುದು ಖಂಡಿತ ಸುಳ್ಳು. ಭಾರವಾದುದನ್ನು ಇನ್ನೂ ಪರೀಕ್ಷಿಸಬೇಕು.

ಪರೀಕ್ಷೆ ಕಷ್ಟವಲ್ಲ. ತುಂಬ ಚಾರ್ಜಾದ ಸೆಲ್ಲಿಗೆ 10 ಓಮ್‌ಗಳ, 5 ವಾಟ್ ತಡೆಯಬಲ್ಲ ರೋಧವೊಂದನ್ನು ಜೋಡಿಸಿ, ಹತ್ತು ಹತ್ತು ನಿಮಿಷಕ್ಕೆ ವೋಲ್ಟೇಜನ್ನು ಗುರುತು ಹಾಕಿಕೊಂಡೆವು. ಓಮ್‌ನ ನಿಯಮದಂತೆ ಪ್ರವಾಹ ಸರಾಸರಿ 0.37 ಆಂಪಿಯರ್. ಹೊದಿಕೆಯ ಮಾತು ನಿಜವಾಗಿದ್ದರೆ ಸೆಲ್ಲು ಸುಮಾರು 27 ಗಂಟೆ ನಡೆಯಬೇಕಾಗಿತ್ತು. ಮೂರು ಗಂಟೆ ತುಂಬುವಷ್ಟರಲ್ಲಿ ವೋಲ್ಟೇಜು 3ಕ್ಕೆ ಇಳಿಯಿತು; ಅಲ್ಲಿಗೆ ಪ್ರಯೋಗವನ್ನು ನಿಲ್ಲಿಸಿದೆವು. 0.37ನ್ನು ಮೂರರಿಂದ ಗುಣಿಸಿದರೆ 1.1 ಆಂಪಿಯರ್ ಗಂಟೆ, ಎಂದರೆ 1100 ಎಂ.ಎ.ಎಚ್. ಹೇಳಿದ್ದರಲ್ಲಿ ಒಂಬತ್ತನೆಯ ಒಂದು ಪಾಲು!

ಇಂಥ ಸೆಲ್ಲುಗಳು ಎಲ್ಲಿಂದ ಬರುತ್ತವೆ? ಸೆಲ್ಲಿನ ಹೊದಿಕೆ ತೆಳ್ಳನೆಯ ಪ್ಲಾಸ್ಟಿಕ್ ಕೊಳವೆಯಷ್ಟೆ. ಬಿಸಿಗಾಳಿ ಹಿಡಿದರೆ ಕುಗ್ಗಿ ಡಬ್ಬಿಯನ್ನು ಅಪ್ಪಿಕೊಳ್ಳುತ್ತದೆ. ಹಳೆಯ ಲ್ಯಾಪ್‌ಟಾಪುಗಳಿಂದ ಕಿತ್ತ ಸೆಲ್ಲು, ಕಾರ್ಖಾನೆ ತಿರಸ್ಕರಿಸಿದ ಸೆಲ್ಲು, ಇವುಗಳ ಹಳೆಯ ಅಂಗಿ ಬಿಚ್ಚಿ ಹೊಸ ಅಂಗಿ ತೊಡಿಸಿ, ಅದರ ಮೇಲೆ ಮನಸ್ಸಿಗೆ ಬಂದ ಅಂಕಿಯನ್ನು ಅಚ್ಚು ಹಾಕುವುದು ಸುಲಭ. ಕಡಲೆಕಾಯಿ ಮಾರುವವನು ಸೇರಿನ ತಳ ಒತ್ತಿದರೆ ಕೊಳ್ಳುವವನಿಗೆ ಕೂಡಲೇ ಕಾಣುತ್ತದೆ. ಸೆಲ್ಲಿನೊಳಗಿನ ಆಂಪಿಯರು ಯಾರ ಕಣ್ಣಿಗೂ ಬೀಳುವುದಿಲ್ಲ.

ಸುಳ್ಳು ಸುಡುವುದು ಹೇಗೆ?

ಸಾಮರ್ಥ್ಯದ ಸುಳ್ಳಿನಿಂದ ಹಣ ನಷ್ಟವಾಗುತ್ತದೆ. ಪ್ರವಾಹದ ಸುಳ್ಳಿನಿಂದ ಮೈ ಸುಡುತ್ತದೆ. ಇ-ಸಿಗರೇಟುಗಳಲ್ಲಿ ಯಾವ ನಿಯಂತ್ರಕ ಸರ್ಕಿಟ್ಟೂ ಇಲ್ಲದ, ಲೋಹದ ಕೊಳವೆಯೊಳಗೆ ಸೆಲ್ಲೂ ಗುಂಡಿಯೂ ಸುರುಳಿಯೂ ಮಾತ್ರ ಇರುವ ಬಗೆಯೊಂದಿದೆ. ಅದರಲ್ಲಿ 0.15 ಓಮ್‌ನಷ್ಟು ಕಡಮೆ ರೋಧದ ಸುರುಳಿಯನ್ನು ಹಾಕುವವರುಂಟು. ತುಂಬಿದ ಸೆಲ್ಲಿನ ವೋಲ್ಟೇಜು 4.2. ಒಳ್ಳೆಯ ಸೆಲ್ಲಿನ ಒಳರೋಧ 0.02 ಓಮ್ ಎಂದಿಟ್ಟುಕೊಂಡರೆ, ಪ್ರವಾಹ 4.2ನ್ನು 0.17ರಿಂದ ಭಾಗಿಸಿದಷ್ಟು; ಸುಮಾರು 25 ಆಂಪಿಯರ್. ಸೆಲ್ಲಿನ ಒಳಗೇ ಹುಟ್ಟುವ ಶಾಖ, ಪ್ರವಾಹದ ವರ್ಗವನ್ನು ಒಳರೋಧದಿಂದ ಗುಣಿಸಿದಷ್ಟು, ಸುಮಾರು 12 ವಾಟ್.

ಈಗ ಅದೇ ಕೊಳವೆಗೆ ಹಳೆಯ ಸೆಲ್ಲೊಂದನ್ನು ಹೊಸ ಹೊದಿಕೆಯಲ್ಲಿ ಹಾಕಿದರೆಂದು ಭಾವಿಸೋಣ. ಸವೆದ ಸೆಲ್ಲಿನ ಒಳರೋಧ ಹೆಚ್ಚು, 0.06 ಓಮ್ ಎಂದು ತೆಗೆದುಕೊಳ್ಳೋಣ. ಪ್ರವಾಹ 20 ಆಂಪಿಯರಿಗೆ ಇಳಿಯುತ್ತದೆ. ಆದರೆ ಒಳಗಿನ ಶಾಖ 24 ವಾಟಿಗೆ ಏರುತ್ತದೆ! ಪ್ರವಾಹ ಕಡಮೆಯಾದರೂ ಶಾಖ ಇಮ್ಮಡಿಯಾಯಿತೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ನಮ್ಮ ಪ್ರಯೋಗಶಾಲೆಯಲ್ಲಿ ತಂತಿ ಬೆಸೆಯುವ ಕಡ್ಡಿ 25 ವಾಟಿನದು. ಅಂಥ ಒಂದು ಕಡ್ಡಿಯನ್ನು ಸೆಲ್ಲಿನ ಹೊಟ್ಟೆಯಲ್ಲಿ ಹೂಳಿದಂತಾಯಿತು. 45 ಗ್ರಾಂ ಸೆಲ್ಲಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸ್ಥೂಲವಾಗಿ 45 ಜೌಲ್ ಸಾಕು. ಹೊರಗೆ ಸೋರುವ ಶಾಖವನ್ನು ಬಿಟ್ಟು ಲೆಕ್ಕ ಹಾಕಿದರೆ, ಎರಡು ಸೆಕೆಂಡಿಗೆ ಒಂದು ಡಿಗ್ರಿಯಂತೆ ಉಷ್ಣತೆ ಏರುತ್ತದೆ. ಜೇಬಿನಲ್ಲಿ ಗುಂಡಿ ಒತ್ತಿಹೋಗಿ ಎರಡೂವರೆ ನಿಮಿಷ ಹಾಗೆಯೇ ಇದ್ದರೆ, 30 ಡಿಗ್ರಿಯಲ್ಲಿದ್ದ ಸೆಲ್ಲು 100 ಡಿಗ್ರಿಯನ್ನು ದಾಟುತ್ತದೆ.

ಅಲ್ಲಿಂದ ಮುಂದೆ ಹೊರಗಿನ ನೂಕು ಬೇಕಾಗುವುದಿಲ್ಲ. ಸುಮಾರು 80ರಿಂದ 120 ಡಿಗ್ರಿಗಳ ನಡುವೆ ಗ್ರಾಫೈಟಿನ ಮೇಲಿನ ರಕ್ಷಕ ಪೊರೆ ಕರಗಿ ತಾನೇ ಶಾಖವನ್ನು ಬಿಡತೊಡಗುತ್ತದೆ. 130 ಡಿಗ್ರಿಯ ಸುಮಾರಿಗೆ ಪಾಲಿಥೀನಿನ ನಡುಹಾಳೆ ಕರಗುತ್ತದೆ; ಎರಡು ಧ್ರುವಗಳು ಒಳಗೇ ತಾಕುತ್ತವೆ. ಇನ್ನೂ ಮೇಲೆ ಹೋದರೆ ಧನಧ್ರುವದ ಆಕ್ಸೈಡು ಆಮ್ಲಜನಕವನ್ನು ಬಿಡುತ್ತದೆ. ಪ್ರತಿಯೊಂದು ಮೆಟ್ಟಿಲಿನ ಶಾಖವೂ ಮುಂದಿನ ಮೆಟ್ಟಿಲಿಗೆ ತಳ್ಳುವುದರಿಂದ, ಈ ಓಟ ಒಮ್ಮೆ ಆರಂಭವಾದರೆ ನಿಲ್ಲಿಸುವುದು ಕಷ್ಟ. ದ್ರವ ಆವಿಯಾಗಿ ಡಬ್ಬಿಯ ತುದಿಯನ್ನು ಸೀಳಿಕೊಂಡು ಉರಿಯುತ್ತ ಹೊರಬರುತ್ತದೆ. ಸೆಲ್ಲು ಇಕ್ಕಟ್ಟಾದ ಲೋಹದ ಕೊಳವೆಯೊಳಗಿದ್ದರೆ ದೀಪಾವಳಿಯ ಬಾಣದಂತೆ ಹಾರುವುದೂ ಉಂಟು.

ಇದು ಬರಿಯ ಕಲ್ಪನೆಯಲ್ಲ. ಅಮೆರಿಕದ ಸರ್ಕಾರದ ಅಗ್ನಿ ಆಡಳಿತ ಇಲಾಖೆ 2017ರಲ್ಲಿ ಒಂದು ವರದಿಯನ್ನು ಪ್ರಕಟಿಸಿತು. 2009ರಿಂದ 2016ರ ವರೆಗೆ ಆ ದೇಶದಲ್ಲಿ ಇ-ಸಿಗರೇಟುಗಳು ಹೊತ್ತಿಕೊಂಡ ಅಥವಾ ಸಿಡಿದ 195 ಪ್ರಸಂಗಗಳನ್ನು ಅದು ಗುರುತಿಸಿದೆ. ಅವುಗಳಲ್ಲಿ 133 ಮಂದಿಗೆ ಗಾಯಗಳಾದವು. 38 ಮಂದಿಯ ಗಾಯಗಳು ತೀವ್ರವಾಗಿದ್ದವು. ಮುಂದೆ 2018ರಲ್ಲಿ ಫ್ಲಾರಿಡದಲ್ಲಿಯೂ 2019ರಲ್ಲಿ ಟೆಕ್ಸಾಸಿನಲ್ಲಿಯೂ ಒಬ್ಬೊಬ್ಬನು ಸಾಧನ ಸಿಡಿದು ಪ್ರಾಣ ಕಳೆದುಕೊಂಡನು. ಅನೇಕ ಅಪಘಾತಗಳು ನಡೆದುದು ಸೇದುವಾಗ ಅಲ್ಲ, ಜೇಬಿನಲ್ಲಿ. ಬಿಡಿ ಸೆಲ್ಲಿನ ಜೊತೆಗೆ ಬೀಗದ ಕೈಯೋ ನಾಣ್ಯವೋ ಇದ್ದು ಎರಡು ಧ್ರುವಗಳನ್ನೂ ಮುಟ್ಟಿಸಿದರೆ ಷಾರ್ಟ್ ಸರ್ಕಿಟ್ ಆಗುತ್ತದೆ. 18650 ಸೆಲ್ಲಿನ ಮೇಲುತುದಿಯ ನಡುಗುಬ್ಬಿ ಧನಧ್ರುವ. ಉಳಿದ ಡಬ್ಬಿಯೆಲ್ಲ, ಮೇಲಂಚಿನವರೆಗೂ, ಋಣಧ್ರುವ. ಇವೆರಡರ ನಡುವೆ ಇರುವುದು ಕೆಲವೇ ಮಿಲಿಮೀಟರು ಅಂತರ. ಹೊದಿಕೆ ಹರಿದ ಸೆಲ್ಲು ಅಪಾಯವಾಗುವುದು ಈ ಕಾರಣದಿಂದಲೇ.

ಕಾನೂನು ಏನು ಹೇಳುತ್ತದೆ?

ಕರ್ನಾಟಕ ಸರ್ಕಾರ ಇ-ಸಿಗರೇಟುಗಳ ಮಾರಾಟವನ್ನು 2016ರ ಜೂನ್ ತಿಂಗಳಲ್ಲಿಯೇ ನಿಷೇಧಿಸಿತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ ಹೊರಡಿಸಿತು; ಅದೇ ವರ್ಷದ ಡಿಸೆಂಬರಿನಲ್ಲಿ ಅದು ಕಾಯಿದೆಯಾಯಿತು. ಇದರಂತೆ ಇ-ಸಿಗರೇಟುಗಳ ತಯಾರಿಕೆ, ಆಮದು, ಮಾರಾಟ, ಸಾಗಾಣಿಕೆ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಅಪರಾಧಕ್ಕೆ ಒಂದು ವರ್ಷದ ವರೆಗೆ ಸೆರೆ, ಒಂದು ಲಕ್ಷ ರೂಪಾಯಿಯ ವರೆಗೆ ದಂಡ, ಅಥವಾ ಎರಡೂ. ಮಾರಲು ದಾಸ್ತಾನಿಡುವುದಕ್ಕೂ ಶಿಕ್ಷೆಯುಂಟು. ಹೀಗಿದ್ದರೂ ನಮ್ಮ ಕೆರೆಯ ಏರಿಯ ಮೇಲೆ ಆ ಕೊಳವೆ ಸಿಕ್ಕಿತೆಂದಮೇಲೆ, ಕದ್ದುಮುಚ್ಚಿ ವ್ಯಾಪಾರ ನಡೆಯುತ್ತಿದೆಯೆಂದು ಬೇರೆ ಹೇಳಬೇಕಾಗಿಲ್ಲ. ಕದ್ದು ಬಂದ ಮಾಲಿಗೆ ಯಾವ ಪರೀಕ್ಷೆಯೂ ಇಲ್ಲ, ಮೋಸವಾದರೆ ದೂರು ಕೊಡುವ ಜಾಗವೂ ಇಲ್ಲ. ಅದನ್ನು ಕೊಳ್ಳುವ ಹುಡುಗನಿಗೆ ಒಳಗಿನ ಸೆಲ್ಲಿನ ಕುಲಗೋತ್ರ ತಿಳಿಯುವ ದಾರಿಯೇ ಇಲ್ಲ.

ಟಾರ್ಚು, ಪವರ್ ಬ್ಯಾಂಕು ಮೊದಲಾದ ನ್ಯಾಯವಾದ ವಸ್ತುಗಳ ವಿಷಯ ಹಾಗಲ್ಲ. ಒಯ್ಯಬಹುದಾದ ಸಾಧನಗಳ ಲಿಥಿಯಂ ಸೆಲ್ಲುಗಳಿಗೆ ಐ.ಎಸ್. 16046 ಎಂಬ ಭಾರತೀಯ ಮಾನಕವಿದೆ. ಅದರಲ್ಲಿ ಸೆಲ್ಲನ್ನು ಷಾರ್ಟ್ ಸರ್ಕಿಟ್ ಮಾಡಿ, ಕುಲುಮೆಯಲ್ಲಿ ಕಾಯಿಸಿ, ಒತ್ತಿ ಜಜ್ಜಿ ನೋಡುವ ಪರೀಕ್ಷೆಗಳಿವೆ. ಕೇಂದ್ರ ಸರ್ಕಾರದ 2014ರ ಆಜ್ಞೆಯಿಂದ ಇಂಥ ಸೆಲ್ಲುಗಳೂ ಪವರ್ ಬ್ಯಾಂಕುಗಳೂ ಕಡ್ಡಾಯ ನೋಂದಣಿಯ ಪಟ್ಟಿಗೆ ಸೇರಿದವು. ನೋಂದಣಿಯಾದ ವಸ್ತುವಿನ ಮೇಲೆ ಭಾರತೀಯ ಮಾನಕ ಸಂಸ್ಥೆಯ ಗುರುತೂ, ‘ಆರ್’ ಅಕ್ಷರದಿಂದ ಮೊದಲಾಗುವ ಸಂಖ್ಯೆಯೂ ಇರಬೇಕು. ಸಂಸ್ಥೆಯ ‘ಬಿ.ಐ.ಎಸ್. ಕೇರ್’ ಎಂಬ ಮೊಬೈಲ್ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಹಾಕಿದರೆ ತಯಾರಕರ ಹೆಸರು ತಿಳಿಯುತ್ತದೆ; ದೂರನ್ನೂ ಅಲ್ಲಿಯೇ ಸಲ್ಲಿಸಬಹುದು. ಸಂಸ್ಥೆಯ ಕಚೇರಿ ನಮ್ಮ ನಗರದ ಪೀಣ್ಯದಲ್ಲಿಯೇ ಇದೆ. ನಮ್ಮ ವಿದ್ಯಾರ್ಥಿಯ ಸೆಲ್ಲಿನ ಮೇಲೆ ಅಂಥ ಸಂಖ್ಯೆಯೂ ಇರಲಿಲ್ಲ, ತಯಾರಕರ ವಿಳಾಸವೂ ಇರಲಿಲ್ಲ. ಇದ್ದುದು 9900 ಒಂದೇ.

ನಾವು ಮಾಡಬೇಕಾದುದು

ವಾಚಕರು ತಮ್ಮ ಮನೆಯಲ್ಲಿರುವ ಇಂಥ ಸೆಲ್ಲುಗಳನ್ನು ಒಮ್ಮೆ ತೆಗೆದು ನೋಡುವುದು ಒಳ್ಳೆಯದು. 18650 ಸೆಲ್ಲಿನ ಮೇಲೆ 4000ಕ್ಕಿಂತ ದೊಡ್ಡ ಅಂಕಿ ಇದ್ದರೆ ಅದನ್ನು ನಂಬಬೇಕಾಗಿಲ್ಲ. ಹೊದಿಕೆ ಹರಿದ, ತುಕ್ಕು ಹಿಡಿದ, ಉಬ್ಬಿದ, ಚಾರ್ಜಿನಲ್ಲಿ ಕೈಸುಡುವಷ್ಟು ಬಿಸಿಯಾಗುವ ಸೆಲ್ಲನ್ನು ಮತ್ತೆ ಬಳಸಬಾರದು. ಬಿಡಿ ಸೆಲ್ಲನ್ನು ಜೇಬಿನಲ್ಲಿ ಹಾಕಿಕೊಳ್ಳದೆ ಪ್ಲಾಸ್ಟಿಕ್ ಡಬ್ಬಿಯಲ್ಲಿಡಬೇಕು. ಚಾರ್ಜು ಮಾಡುವುದು ಎಚ್ಚರವಾಗಿರುವಾಗ, ಕಲ್ಲಿನ ಅಥವಾ ಸಿಮೆಂಟಿನ ನೆಲದ ಮೇಲೆ ಆಗಬೇಕು. ಹಾಸಿಗೆಯ ಮೇಲಾಗಲಿ, ತಲೆದೆಸೆಯಲ್ಲಾಗಲಿ, ಮನೆಯಿಂದ ಹೊರಗೆ ಹೋಗುವ ಬಾಗಿಲ ಬಳಿಯಲ್ಲಾಗಲಿ ಕೂಡದು. ಸೆಲ್ಲು ಹೊಗೆಯಾಡಿದರೆ ಕೈಯಲ್ಲಿ ಹಿಡಿಯದೆ ದೂರ ಸರಿಯಬೇಕು. ಆ ಹೊಗೆಯಲ್ಲಿ ಹೈಡ್ರೊಫ್ಲೋರಿಕ್ ಆಮ್ಲದಂಥ ವಿಷವಿರುವುದರಿಂದ ಅದನ್ನು ಉಸಿರಾಡಬಾರದು. ಸಣ್ಣ ಸೆಲ್ಲಿಗೆ ದೂರದಿಂದ ಧಾರಾಳವಾಗಿ ನೀರು ಸುರಿದು ತಣಿಸಬಹುದು; ಬೆಂಕಿ ಹರಡುವಂತಿದ್ದರೆ ಹೊರಗೆ ಬಂದು ಅಗ್ನಿಶಾಮಕ ದಳವನ್ನು ಕರೆಯುವುದೇ ಸರಿ.

ಮೊದಲನೆಯ ವಿದ್ಯಾರ್ಥಿಗೆ ನಮ್ಮ ಉತ್ತರ ‘ಬೇಡ’ ಎಂಬುದಾಗಿತ್ತು. ಎಸೆದ ಇ-ಸಿಗರೇಟನ್ನು ಒಡೆಯುವಾಗ ಸೆಲ್ಲು ಜಜ್ಜಿಹೋಗಬಹುದು. ಒಳಗೆ ಉಳಿದ ನಿಕೋಟಿನ್ ದ್ರವ ಚರ್ಮದ ಮೂಲಕವೇ ದೇಹವನ್ನು ಸೇರಬಲ್ಲುದು. ಸೆಲ್ಲಿನ ಮಿತಿ ಏನೆಂದು ತಿಳಿಯಲು ಬಹುಮಟ್ಟಿಗೆ ಯಾವ ಬರೆಹವೂ ಇರುವುದಿಲ್ಲ. ಹಾಗೆಂದು ಅದನ್ನು ಕಸದ ಗಾಡಿಗೆ ಹಾಕುವುದೂ ತಪ್ಪು. ಗಾಡಿಯಲ್ಲಿ ಕಸವನ್ನು ಒತ್ತುವಾಗ ಸೆಲ್ಲು ಒಡೆದರೆ ಬೆಂಕಿ ಹೊತ್ತಿಕೊಳ್ಳುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳು ಬೇರೆಯಾಗಿಯೇ ಸಂಗ್ರಹವಾಗಬೇಕು. ಆ ಕೊಳವೆಯ ತುದಿಗಳಿಗೆ ಟೇಪು ಸುತ್ತಿ, ಮರಳು ತುಂಬಿದ ಡಬ್ಬಿಯಲ್ಲಿಟ್ಟು, ಇ-ತ್ಯಾಜ್ಯ ಸಂಗ್ರಹಿಸುವವರು ಕಾಲೇಜಿಗೆ ಬಂದಾಗ ಒಪ್ಪಿಸಿದೆವು.

ಎರಡನೆಯ ವಿದ್ಯಾರ್ಥಿ ಅಂದು ಸಂಜೆಯೇ ಟಾರ್ಚನ್ನು ತಮ್ಮನ ತಲೆದೆಸೆಯಿಂದ ತೆಗೆಸಿದನು. ಮರುವಾರ ನೋಂದಣಿ ಸಂಖ್ಯೆಯುಳ್ಳ 2600 ಎಂ.ಎ.ಎಚ್. ಸೆಲ್ಲೊಂದನ್ನು ಕೊಂಡು ತಂದು, ತಾನೇ ತೂಗಿ, ತಾನೇ ರೋಧ ಜೋಡಿಸಿ ಪರೀಕ್ಷಿಸಿದನು. ಏಳು ಗಂಟೆ ನಡೆಯಿತು. ಹಳೆಯ ಸೆಲ್ಲಿನ 9900ರ ಮೇಲೆ ಬಿಳಿಯ ಕಾಗದ ಅಂಟಿಸಿ ‘33 ಗ್ರಾಂ, 1100’ ಎಂದು ಬರೆದನು. ಅದೂ ಮರಳಿನ ಡಬ್ಬಿಯನ್ನು ಸೇರಿತು. ಅವನು ಬರೆದ ವೋಲ್ಟೇಜಿನ ನಕ್ಷೆ ಮಾತ್ರ ನಮ್ಮ ತಕ್ಕಡಿಯ ಪಕ್ಕದ ಗೋಡೆಯ ಮೇಲಿದೆ; ಮುಂದಿನ ವರ್ಷದ ತರಗತಿಯವರು ತಮ್ಮ ಮನೆಯ ಸೆಲ್ಲುಗಳನ್ನು ತಂದು ಅದರ ಕೆಳಗೆ ತಮ್ಮ ಅಂಕಿಗಳನ್ನು ಬರೆಯಲಿದ್ದಾರೆ.